ಎಚ್ಚೆನ್ ಅವರ ಧರ್ಮವಿಚಾರ

ಮಕ್ಕಳೇ, ನಮ್ಮ ಕೊಲಂಬಸ್ ನಗರದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಆವರಣವನ್ನು ನೀವು ಫುಟ್‌ಬಾಲ್ ಪಂದ್ಯದ ನೆವದಿಂದಲಾದರೂ ನೋಡಿಯೇ ಇರುತ್ತೀರಿ. ನಿಮ್ಮ ತಂದೆತಾಯಿಗಳಲ್ಲಿ ಬಹುಮಂದಿ ಇನ್ನೂ ಹುಟ್ಟದಿದ್ದ ಕಾಲದಲ್ಲಿ, ಗೌರಿಬಿದನೂರು ತಾಲ್ಲೂಕಿನ ಹೊಸೂರೆಂಬ ಹಳ್ಳಿಯ ಬಡಕುಟುಂಬವೊಂದರಲ್ಲಿ ಜನಿಸಿದ ಕನ್ನಡಿಗರೊಬ್ಬರು ಅದೇ ಆವರಣದಲ್ಲಿ ನ್ಯೂಕ್ಲಿಯರ್ ಭೌತವಿಜ್ಞಾನವನ್ನು ಅಭ್ಯಾಸಮಾಡಿ, 1960ರಲ್ಲಿ ಡಾಕ್ಟರೇಟ್ ಪದವಿಯನ್ನು ಪಡೆದು, ತಾವು ಅಧ್ಯಾಪಕರಾಗಿದ್ದ ಬೆಂಗಳೂರಿನ ನ್ಯಾಷನಲ್ ಕಾಲೇಜಿಗೆ, ಅಲ್ಲಿನ ವಿದ್ಯಾರ್ಥಿನಿಲಯದ ತಮ್ಮ ಕೋಣೆಗೆ ಹಿಂದಿರುಗಿದರು. ಅವರೇ ಡಾಕ್ಟರ್ ಎಚ್. ನರಸಿಂಹಯ್ಯನವರು, ಬೆಂಗಳೂರಿಗರ ಬಾಯಲ್ಲಿ ಎಚ್ಚೆನ್.

ವಿಜ್ಞಾನಿಯೊಬ್ಬರು ದೇವರು ಧರ್ಮಗಳ ವಿಷಯದಲ್ಲಿ ಏನು ಭಾವಿಸಿದ್ದರೆಂಬುದನ್ನು ಮಕ್ಕಳಿಗೆ ತಿಳಿಯುವಂತೆ ಬರೆಯಿರಿ ಎಂದು ನಮ್ಮ ಕನ್ನಡ ಕೂಟದ ಪತ್ರಿಕೆಯ ಸಂಪಾದಕರು ಕೇಳಿದಾಗ ಐನ್‌ಸ್ಟೈನರನ್ನು ಕುರಿತು ಬರೆಯಬಹುದಾಗಿತ್ತು. ಆದರೆ ಐನ್‌ಸ್ಟೈನರ ವಿಷಯವನ್ನು ನಿಮ್ಮ ಶಾಲೆಗಳೇ ಹೇಳಿಕೊಡುತ್ತವೆ. ಎಚ್ಚೆನ್ ಅವರ ವಿಷಯವನ್ನು ನಾವು ಹೇಳದೆ ಹೋದರೆ ಈ ದೇಶದಲ್ಲಿ ನಿಮಗೆ ಹೇಳುವವರು ಇನ್ನಾರೂ ಇಲ್ಲ.

1920ರಲ್ಲಿ ಹುಟ್ಟಿದ ಆ ಬಾಲಕನು ಹೈಸ್ಕೂಲಿನ ವಿದ್ಯೆಗಾಗಿ ಬೆಂಗಳೂರಿಗೆ ಹೊರಟಾಗ ಪ್ರಯಾಣಕ್ಕೆ ಹಣವಿಲ್ಲದೆ, ಸುಮಾರು ಎಂಬತ್ತು ಕಿಲೋಮೀಟರುಗಳ ದಾರಿಯನ್ನು ನಡೆದೇ ಬಂದನು. 1936ರಲ್ಲಿ ಮಹಾತ್ಮಾ ಗಾಂಧಿಯವರು ಅವನು ಓದುತ್ತಿದ್ದ ನ್ಯಾಷನಲ್ ಹೈಸ್ಕೂಲಿಗೆ ಬಂದು ಹಿಂದಿಯಲ್ಲಿ ಮಾತನಾಡಿದಾಗ, ಆ ಭಾಷಣವನ್ನು ಕನ್ನಡಕ್ಕೆ ಅನುವಾದಿಸಿ ಹೇಳುವ ಭಾಗ್ಯ ಈ ವಿದ್ಯಾರ್ಥಿಯದಾಯಿತು. 1942ರ ಕ್ವಿಟ್ ಇಂಡಿಯಾ ಚಳುವಳಿ, ಸೆರೆಮನೆ, ಮತ್ತೆ ವ್ಯಾಸಂಗ, ನ್ಯಾಷನಲ್ ಕಾಲೇಜಿನ ಅಧ್ಯಾಪಕ ವೃತ್ತಿ, ಅಲ್ಲಿಯೇ ಪ್ರಾಂಶುಪಾಲ ಪದವಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿತ್ವ, ಇವೆಲ್ಲವೂ ಒಂದಾದ ಮೇಲೊಂದು ಬಂದುವು. ಬಿಳಿಯ ಖಾದಿಯ ಉಡುಪು, ಗಾಂಧಿ ಟೋಪಿ, ಬ್ರಹ್ಮಚರ್ಯ, ಹಾಸ್ಟೆಲಿನ ಒಂದು ಕೋಣೆ, ಇವು ಮಾತ್ರ ಕಡೆಯವರೆಗೂ ಬದಲಾಗಲಿಲ್ಲ.

ನಾನು ಅವರನ್ನು ಕಂಡದ್ದು ಬಸವನಗುಡಿಯಲ್ಲಿ, ಅವರು 1962ರಲ್ಲಿ ಸ್ಥಾಪಿಸಿದ ಬೆಂಗಳೂರು ವಿಜ್ಞಾನ ವೇದಿಕೆಯ ಉಪನ್ಯಾಸವೊಂದರಲ್ಲಿ. ಕಚೇರಿಯಿಂದ ನೇರವಾಗಿ ಬಂದ ಗುಮಾಸ್ತರು, ಕೊಡೆಯನ್ನು ಕಾಲಿನ ಸಂದಿಯಲ್ಲಿ ನಿಲ್ಲಿಸಿಕೊಂಡು ಕುಳಿತ ನಿವೃತ್ತರು, ನೋಟುಪುಸ್ತಕ ಹಿಡಿದ ಕಾಲೇಜಿನ ಹುಡುಗ ಹುಡುಗಿಯರು, ಹೀಗೆ ನಾನಾ ಬಗೆಯ ಜನ ಸೇರಿದ್ದ ಆ ಸಭೆಯಲ್ಲಿ, ಉಪನ್ಯಾಸ ಮುಗಿದೊಡನೆ ನನ್ನ ಮುಂದಿನ ಸಾಲಿನಿಂದ ಚಡ್ಡಿ ತೊಟ್ಟ ಪುಟ್ಟ ಬಾಲಕನೊಬ್ಬನು ಎದ್ದುನಿಂತು ಘನವಿದ್ವಾಂಸರಾದ ಉಪನ್ಯಾಸಕರನ್ನೇ ಪ್ರಶ್ನೆ ಕೇಳಿದನು. ಯಾರೂ ನಗಲಿಲ್ಲ, ಯಾರೂ ಕೂತ್ಕೋ ಎನ್ನಲಿಲ್ಲ; ಉಪನ್ಯಾಸಕರು ತಮ್ಮ ಸಮಾನಸ್ಕಂಧರಿಗೆ ಉತ್ತರಿಸುವಷ್ಟೇ ಶ್ರದ್ಧೆಯಿಂದ ಅವನಿಗೆ ಉತ್ತರವಿತ್ತರು. ಎಚ್ಚೆನ್ ಕಟ್ಟಿದ ಸಂಸ್ಥೆಯೆಂದರೆ ನನ್ನ ಕಣ್ಣಮುಂದೆ ಬರುವುದು ಆ ಬಾಲಕನೇ.

ಇನ್ನು ಧರ್ಮದ ಮಾತು. 1976ರಲ್ಲಿ ಕುಲಪತಿಗಳಾಗಿದ್ದ ಎಚ್ಚೆನ್ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸುವುದಕ್ಕಾಗಿ ವಿಶ್ವವಿದ್ಯಾಲಯದ ವತಿಯಿಂದ ಒಂದು ಸಮಿತಿಯನ್ನು ರಚಿಸಿದರು. ದೇವರಿದ್ದಾನೆಯೇ ಇಲ್ಲವೇ ಎಂಬುದು ಆ ಸಮಿತಿಯ ವಿಷಯವಾಗಿರಲಿಲ್ಲವೆಂಬುದನ್ನು ನೀವು ಚೆನ್ನಾಗಿ ಗಮನಿಸಬೇಕು. ಕಣ್ಣೆದುರಿಗೆ ನಡೆಯುತ್ತದೆಂದು ಹೇಳಲಾಗುವ, ಆದಕಾರಣ ಪರೀಕ್ಷೆಗೆ ಒಳಪಡಿಸಬಹುದಾದ ಸಂಗತಿಗಳನ್ನಷ್ಟೇ ಅದು ಕೈಗೆತ್ತಿಕೊಂಡಿತು. ಬರಿಗೈಯಿಂದ ವಿಭೂತಿ, ಉಂಗುರಗಳನ್ನು ಸೃಷ್ಟಿಸುತ್ತಾರೆಂದು ಪ್ರಖ್ಯಾತರಾಗಿದ್ದ ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಎಚ್ಚೆನ್ ಮೂರು ಪತ್ರಗಳನ್ನು ಬರೆದು, ಸಮಿತಿಯ ಸಮಕ್ಷಮದಲ್ಲಿ ಪವಾಡವನ್ನು ತೋರಿಸಿಕೊಡಬೇಕೆಂದು ಕೇಳಿಕೊಂಡರು. ಉತ್ತರ ಬರಲಿಲ್ಲ. ಉಂಗುರದ ಬದಲು ಒಂದು ಕುಂಬಳಕಾಯಿಯನ್ನು ಸೃಷ್ಟಿಸಬಾರದೇಕೆ ಎಂಬ ಎಚ್ಚೆನ್ ಅವರ ಪ್ರಶ್ನೆ ಆಗ ನಾಡಿನಲ್ಲೆಲ್ಲ ಮನೆಮಾತಾಯಿತು. ಜನ ಅದನ್ನು ಹೇಳಿಕೊಂಡು ನಕ್ಕರು. ಆದರೆ ಅದರೊಳಗಿದ್ದುದು ಪ್ರಯೋಗಶಾಲೆಯ ಶುದ್ಧವಾದ ತರ್ಕ. ಅಂಗಿಯ ತೋಳಿನೊಳಗೆ ಅಡಗಲಾರದ ವಸ್ತುವನ್ನು ಆರಿಸಿಕೊಂಡರೆ, ಅಡಗಿಸಿಟ್ಟು ತೆಗೆದರೆಂಬ ಸಂಶಯಕ್ಕೆ ಆಸ್ಪದವೇ ಉಳಿಯುವುದಿಲ್ಲ. ಆ ಸಂಶಯ ಉಳಿಯದಿದ್ದರೆ ಪವಾಡಪುರುಷರಿಗೂ ಲಾಭವೇ ಅಲ್ಲವೇ? ನಮ್ಮ ಕೂಟದಲ್ಲಿಯೇ ಬಾಬಾ ಅವರ ಭಕ್ತರಿದ್ದಾರೆ. ಅವರ ಭಜನೆಯನ್ನೂ ಸೇವೆಯನ್ನೂ ನಾನು ಗೌರವಿಸುತ್ತೇನೆ. ಪ್ರಶ್ನೆಯನ್ನೂ ಅಷ್ಟೇ ಗೌರವಿಸಬೇಕೆಂಬುದು ನನ್ನ ಬಿನ್ನಹ.

ಅದೇ 1976ರಲ್ಲಿ ಭಾರತದ ಸಂವಿಧಾನಕ್ಕೆ ತಂದ 42ನೆಯ ತಿದ್ದುಪಡಿಯು, ವೈಜ್ಞಾನಿಕ ಮನೋಭಾವವನ್ನೂ ಮಾನವೀಯತೆಯನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ಸಾರಿತು. ಎಚ್ಚೆನ್ ಅವರು ಸಮಿತಿಯ ಮೂಲಕ ಮಾಡಹೊರಟದ್ದು ಇದಕ್ಕಿಂತ ಬೇರೆಯಾದುದೇನೂ ಅಲ್ಲ.

ಪವಾಡಗಳ ಪರೀಕ್ಷೆ ಹೇಗಿರುತ್ತದೆಂಬುದನ್ನು ನೀವೇ ಮಾಡಿ ನೋಡಬಹುದು. 1995ರ ಸೆಪ್ಟೆಂಬರ್ 21ರಂದು ಗಣಪತಿಯ ವಿಗ್ರಹಗಳು ಹಾಲು ಕುಡಿಯುತ್ತಿವೆಯೆಂಬ ವಾರ್ತೆ ಭಾರತದಲ್ಲೆಲ್ಲ ಹಬ್ಬಿ, ಕಡಲಾಚೆಯ ದೇವಾಲಯಗಳವರೆಗೂ ಬಂದಿತು. ಒಂದು ಚಮಚದ ತುಂಬ, ಅಂಚಿನ ಮೇಲಕ್ಕೆ ಉಬ್ಬುವಂತೆ ಹಾಲು ತುಂಬಿಸಿ, ಕಲ್ಲಿನ ವಿಗ್ರಹಕ್ಕೆ ಮೆಲ್ಲನೆ ತಾಗಿಸಿ, ಚಮಚವನ್ನು ತುಸುವೇ ಓರೆಮಾಡಿ. ಹಾಲಿನ ಮೇಲ್ಮೈ ಎಳೆತವೆಂಬ ಗುಣದಿಂದ ಮೊದಲ ಹನಿ ಕಲ್ಲಿಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡ ಹನಿ ಹಿಂದಿನ ಹಾಲನ್ನು ಸೆಳೆಯುತ್ತದೆ. ಸೆಳೆದ ಹಾಲು ಕಣ್ಣಿಗೆ ಕಾಣದಷ್ಟು ತೆಳುವಾದ ಪದರವಾಗಿ ಒದ್ದೆಗಲ್ಲಿನ ಮೇಲಿಂದ ಕೆಳಗಿಳಿಯುತ್ತದೆ. ಚಮಚ ಬರಿದಾಗುವುದು ಮಾತ್ರ ನಮಗೆ ಕಾಣುತ್ತದೆ. ಈಗ ಅದೇ ಹಾಲಿಗೆ ಒಂದಿಷ್ಟು ಬಣ್ಣವನ್ನು ಬೆರೆಸಿ ಮತ್ತೊಮ್ಮೆ ಮಾಡಿ. ಹಾಲು ಇಳಿದ ದಾರಿಯೆಲ್ಲ ಗೆರೆಗೆರೆಯಾಗಿ ಎದ್ದು ಕಾಣುವುದು. ಆ ದಿನ ವಿಜ್ಞಾನಿಗಳು ಮಾಡಿ ತೋರಿಸಿದ್ದೂ ಇದನ್ನೇ. ಇದರಿಂದ ಗಣಪತಿಗೆ ಅಪಚಾರವಾಯಿತೆಂದು ನನಗೆ ತೋರುವುದಿಲ್ಲ. ವಿದ್ಯಾಧಿದೇವತೆಯೆಂದು ನಾವು ಪೂಜಿಸುವುದೇ ಅವನನ್ನಲ್ಲವೇ!

ಹಿರಿಯರೊಡನೆ ಒಂದು ಮಾತು. ಕಳೆದ ಗಣೇಶನ ಹಬ್ಬದಲ್ಲಿ, ಅಷ್ಟು ಪ್ರೀತಿಯಿಂದ ಕರೆದು ಕೂರಿಸಿದ ದೇವರನ್ನು ನೀರಿಗೆ ಏಕೆ ಬಿಡುತ್ತೇವೆಂದು ಒಂದು ಮಗು ಕೇಳಿದಾಗ, ಹಾಗೆಲ್ಲ ಕೇಳಬಾರದೆಂದು ಗದರಿಸಿದ್ದನ್ನು ನಾವು ಹಲವರು ಕೇಳಿಸಿಕೊಂಡೆವು. ಆ ಮಗು ಮತ್ತೆ ಕೇಳಲಿಲ್ಲ. ಆರತಿ ಮುಗಿಯುವವರೆಗೂ ಫೋನನ್ನೇ ನೋಡುತ್ತ ಕುಳಿತಿತು. ನಮ್ಮ ಮಕ್ಕಳು ನಮ್ಮ ಸಂಸ್ಕೃತಿಯಿಂದ ದೂರವಾಗುತ್ತಿದ್ದಾರೆಂದು ಪ್ರತಿ ಸಭೆಯಲ್ಲಿಯೂ ಮರುಗುವ ನಾವು, ಅವರನ್ನು ದೂರಮಾಡುತ್ತಿರುವುದು ಪ್ರಶ್ನೆಗಳಲ್ಲ, ಉತ್ತರಕೊಡದ ನಮ್ಮ ಮೌನವೆಂಬುದನ್ನು ಏಕೆ ಕಾಣುತ್ತಿಲ್ಲ? ಶಾಲೆಯಲ್ಲಿ ಏಕೆ ಎಂದು ಕೇಳಿದ್ದಕ್ಕೆ ಮೆಚ್ಚುಗೆ ಪಡೆಯುವ ಮಗು, ಮನೆಯ ದೇವರಕೋಣೆಯಲ್ಲಿ ಅದೇ ಮಾತಿಗೆ ಗದರಿಕೆ ಪಡೆದರೆ, ಅದರ ಮನಸ್ಸು ಯಾವ ಕಡೆಗೆ ಒಲಿಯುವುದೆಂದು ಹೇಳಬೇಕಾಗಿಲ್ಲ.

ಎಚ್ಚೆನ್ ಪೂಜೆ ಜಾತಕಗಳನ್ನು ನೆಚ್ಚಿದವರಲ್ಲ. ಪ್ರಶ್ನಿಸದೆ ಯಾವುದನ್ನೂ ಒಪ್ಪಬಾರದೆಂದು ಬಾಳಿನುದ್ದಕ್ಕೂ ಬೋಧಿಸಿದವರು. ಆದರೂ ಅವರ ಆದರ್ಶಪುರುಷರು ರಾಮನಾಮವನ್ನು ಉಸಿರಾಗಿಸಿಕೊಂಡಿದ್ದ ಗಾಂಧಿಯವರು. ಇದು ವಿರೋಧಾಭಾಸವೆಂದು ಮೊದಲು ನನಗೂ ತೋರಿತ್ತು. ಆದರೆ ದೇವರೇ ಸತ್ಯವೆನ್ನುತ್ತಿದ್ದ ಗಾಂಧಿಯವರು ಕ್ರಮೇಣ ಸತ್ಯವೇ ದೇವರೆಂಬ ನಿಲುವಿಗೆ ಬಂದರು. ಆ ಸತ್ಯದ ಬಾಗಿಲಲ್ಲಿ ಆಸ್ತಿಕನೂ ವಿಚಾರವಾದಿಯೂ ಜೊತೆಯಾಗಿ ನಿಲ್ಲಲು ಅಡ್ಡಿಯಿಲ್ಲ. ಸ್ವಂತಕ್ಕೆಂದು ಮನೆಯನ್ನು ಕಟ್ಟಿಕೊಳ್ಳದೆ, ಬಾಗೇಪಲ್ಲಿ ಗೌರಿಬಿದನೂರುಗಳಂಥ ಹಿಂದುಳಿದ ಊರುಗಳ ಮಕ್ಕಳಿಗೆ ಕಾಲೇಜುಗಳನ್ನು ಕಟ್ಟಿಸಿ, 2005ರಲ್ಲಿ ಕಣ್ಮುಚ್ಚುವವರೆಗೂ ವಿದ್ಯಾರ್ಥಿಗಳ ನಡುವೆಯೇ ಬಾಳಿದ ಆ ಜೀವನವನ್ನು ನೋಡಿದರೆ, ಕಾವಿಯನ್ನುಟ್ಟ ಎಷ್ಟೋ ಮಂದಿಯಲ್ಲಿ ಕಾಣದ ವೈರಾಗ್ಯ ಅಲ್ಲಿತ್ತೆಂದು ನಾನು ನಿಸ್ಸಂಕೋಚವಾಗಿ ಹೇಳಬಲ್ಲೆ.

ಅವರ ಆತ್ಮಕಥೆ ‘ಹೋರಾಟದ ಹಾದಿ’. ಭಾಷೆ ಸರಳ, ಕನ್ನಡ ತರಗತಿಯಲ್ಲಿ ಎರಡು ವರ್ಷ ಕಲಿತ ಮಕ್ಕಳಿಗೆ ಹಿರಿಯರು ಪಕ್ಕದಲ್ಲಿ ಕುಳಿತರೆ ಓದಲು ಬಂದೀತು. ಮುಂದಿನ ತಿಂಗಳಿನಿಂದ ಪ್ರತಿ ಭಾನುವಾರ ತರಗತಿ ಮುಗಿದ ಮೇಲೆ ಅದರ ಕೆಲವು ಪುಟಗಳನ್ನು ಗಟ್ಟಿಯಾಗಿ ಓದೋಣ. ಬರುವ ಮಕ್ಕಳು ದೇವರು, ಹಬ್ಬ, ಆಚಾರ ಯಾವುದನ್ನು ಕುರಿತಾದರೂ ಸರಿ, ತಮಗೆ ಉತ್ತರ ಸಿಕ್ಕದಿರುವ ಒಂದು ಪ್ರಶ್ನೆಯನ್ನು ಕನ್ನಡದಲ್ಲಿ ಬರೆದು ತರಲಿ. ಕಾಗುಣಿತ ತಪ್ಪಿದರೆ ಚಿಂತೆಯಿಲ್ಲ. ನಮಗೆ ಉತ್ತರ ತಿಳಿಯದ ಪ್ರಶ್ನೆಗಳನ್ನೂ ಮುಂದಿನ ಸಂಚಿಕೆಯಲ್ಲಿ ಅಚ್ಚುಮಾಡಲು ಸಂಪಾದಕರು ಒಪ್ಪಿದ್ದಾರೆ.