ಥಾಮಸ್ ಹೆನ್ರಿ ಹಕ್ಸ್‌ಲಿ

ಅಂಗಳದಲ್ಲಿ ಕಾಳು ಕೆದಕುವ ಕೋಳಿಯ ಕಾಲನ್ನು ನೀವು ನೋಡಿರಬಹುದು. ಮೈತುಂಬ ಗರಿಗಳಿದ್ದರೂ ಆ ಕಾಲಿನ ಮೇಲೆ ಗರಿಗಳಿಲ್ಲ; ಅಲ್ಲಿರುವುದು ಓತಿಕ್ಯಾತದ ಮೈಯನ್ನು ನೆನಪಿಗೆ ತರುವ ಹುರುಪೆಗಳು. ಮುಂದಕ್ಕೆ ಚಾಚಿದ ಮೂರು ಬೆರಳುಗಳು, ಅವುಗಳ ತುದಿಯಲ್ಲಿ ಬಾಗಿದ ಉಗುರುಗಳು. ನಿತ್ಯವೂ ಕಾಣುವ ಈ ಕಾಲಿಗೂ ಕೋಟ್ಯಂತರ ವರ್ಷಗಳ ಹಿಂದೆ ಬದುಕಿದ್ದ ಡೈನೋಸಾರ್‌ಗಳೆಂಬ ಸರೀಸೃಪಗಳ ಕಾಲಿಗೂ ನಂಟುಂಟೆಂದು ಹತ್ತೊಂಬತ್ತನೆಯ ಶತಮಾನದಲ್ಲಿಯೇ ತೋರಿಸಿಕೊಟ್ಟವನು ಥಾಮಸ್ ಹೆನ್ರಿ ಹಕ್ಸ್‌ಲಿ ಎಂಬ ಆಂಗ್ಲ ವಿಜ್ಞಾನಿ. ವಿದ್ವಲ್ಲೋಕವು ಅದನ್ನು ಮನಸಾರೆ ಒಪ್ಪಿಕೊಳ್ಳಲು ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಹಕ್ಸ್‌ಲಿಯು 1825ರ ಮೇ 4ರಂದು ಲಂಡನ್ ನಗರದ ಬಳಿಯ ಈಲಿಂಗ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆಯು ಗಣಿತದ ಉಪಾಧ್ಯಾಯ. ಅವನು ಕಲಿಸುತ್ತಿದ್ದ ಶಾಲೆಯು ಕ್ಷೀಣಿಸಿದುದರಿಂದ ಸಂಸಾರವು ಕಷ್ಟಕ್ಕೆ ಸಿಲುಕಿತು. ಉಪಾಧ್ಯಾಯನ ಮಗನಿಗೆ ದೊರೆತ ಶಾಲಾಶಿಕ್ಷಣ ಎರಡೇ ವರ್ಷಗಳದು! ಉಳಿದುದೆಲ್ಲವನ್ನೂ ಅವನು ತಾನಾಗಿಯೇ ಓದಿ ಕಲಿತನು. ಜರ್ಮನ್ ಭಾಷೆಯನ್ನೂ ಹಾಗೆಯೇ ಸ್ವಾಧೀನಪಡಿಸಿಕೊಂಡನು. ಯಂತ್ರಶಿಲ್ಪಿಯಾಗಬೇಕೆಂಬುದು ಅವನ ಬಾಲ್ಯದ ಹಂಬಲ. ಆದರೆ ಅಕ್ಕಂದಿರನ್ನು ವರಿಸಿದ ಇಬ್ಬರು ವೈದ್ಯರಾಗಿದ್ದರು. ಹಣವಿಲ್ಲದ ಮನೆಯ ಹುಡುಗನಿಗೆ ಆ ದಾರಿಯೇ ಸುಲಭವಾಗಿ ತೆರೆಯಿತು. ಹಂಬಲವು ಮಾತ್ರ ಅಳಿಯಲಿಲ್ಲ. ಮುಂದೆ ಯಾವ ಪ್ರಾಣಿಯನ್ನು ಕಂಡರೂ ಅದರ ದೇಹವನ್ನು ಅವನು ಒಂದು ಯಂತ್ರವೆಂಬಂತೆಯೇ ನೋಡಿದನು. ಯಾವ ಕೀಲು ಯಾವ ಕಡೆಗೆ ತಿರುಗುವುದು, ಯಾವ ಮೂಳೆಯು ಎಷ್ಟು ಭಾರವನ್ನು ಹೊರುವುದು ಎಂಬುದೇ ಅವನ ಮೊದಲ ಪ್ರಶ್ನೆ.

1846ರಲ್ಲಿ ಅವನು ರ್‍ಯಾಟಲ್‌ಸ್ನೇಕ್ ಎಂಬ ನೌಕೆಯಲ್ಲಿ ಸಹಾಯಕ ಶಸ್ತ್ರವೈದ್ಯನಾಗಿ ಆಸ್ಟ್ರೇಲಿಯದ ಕಡಲಿಗೆ ಹೊರಟನು. ನಾಲ್ಕು ವರ್ಷಗಳ ಆ ಪ್ರಯಾಣದಲ್ಲಿ ಲೋಳೆಮೀನು ಮುಂತಾದ ಮೃದುದೇಹಿಗಳನ್ನು ಪರೀಕ್ಷಿಸಿ ಬರೆದ ಪ್ರಬಂಧಗಳು ಅವನಿಗಿಂತ ಮೊದಲೇ ಲಂಡನ್ನನ್ನು ಸೇರಿದವು. 1851ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ, ಅವನು ರಾಯಲ್ ಸೊಸೈಟಿಯ ಸದಸ್ಯನಾದನು. ಕೀರ್ತಿಯೇನೋ ಬಂದಿತು, ಸಂಬಳ ಬರಲಿಲ್ಲ. ಸಿಡ್ನಿಯಲ್ಲಿ ನಿಶ್ಚಯವಾಗಿದ್ದ ವಿವಾಹಕ್ಕಾಗಿ ಹೆನ್ರಿಯೆಟ ಹೀಥಾರ್ನ್ ಎಂಬಾಕೆ ವರ್ಷಗಟ್ಟಲೆ ಕಾಯಬೇಕಾಯಿತು. 1854ರಲ್ಲಿ ಲಂಡನ್ನಿನ ಗಣಿ ವಿದ್ಯಾಲಯದಲ್ಲಿ ಉದ್ಯೋಗ ದೊರೆತು, ಮರುವರ್ಷ ಮದುವೆಯಾಯಿತು. ಆ ಉದ್ಯೋಗದಲ್ಲಿ ಪಳೆಯುಳಿಕೆಗಳನ್ನು ಕುರಿತು ಬೋಧಿಸಬೇಕಾಗಿತ್ತು. ಕಲ್ಲಾದ ಮೂಳೆಗಳಲ್ಲಿ ತನಗೆ ಆಸಕ್ತಿಯೇ ಇಲ್ಲವೆಂದೂ, ಬೇರೆ ಕೆಲಸ ದೊರೆತೊಡನೆ ಅವನ್ನು ಬಿಟ್ಟುಬಿಡುವೆನೆಂದೂ ಅವನು ಆಗ ಭಾವಿಸಿದ್ದನು.

1859ರಲ್ಲಿ ಡಾರ್ವಿನ್ನನ ಜೀವವಿಕಾಸದ ಗ್ರಂಥವು ಪ್ರಕಟವಾಯಿತು. ಸ್ವಭಾವತಃ ಮೌನಿಯಾದ ಡಾರ್ವಿನ್ನನ ಪರವಾಗಿ ವಾದಿಸಲು ನಿಂತವನು ಹಕ್ಸ್‌ಲಿ. 1860ರ ಜೂನ್ ತಿಂಗಳಿನಲ್ಲಿ ಆಕ್ಸ್‌ಫರ್ಡಿನ ಸಭೆಯಲ್ಲಿ ಬಿಷಪ್ ವಿಲ್ಬರ್‌ಫೋರ್ಸನಿಗೂ ಅವನಿಗೂ ನಡೆದ ವಾಗ್ವಾದವು ಹೆಸರುವಾಸಿಯಾಗಿದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಾಲ್ಕು ವರ್ಷ ತುಂಬದ ಅವನ ಹಿರಿಯ ಮಗ ನೋಯಲ್ ಜ್ವರದಿಂದ ತೀರಿಕೊಂಡನು. ಪಾದ್ರಿಯಾಗಿದ್ದ ಕಿಂಗ್ಸ್‌ಲಿಯು ಪರಲೋಕದ ಮಾತನ್ನಾಡಿ ಸಮಾಧಾನ ಹೇಳಿದಾಗ, ಮನಸ್ಸಿಗೆ ಹಿತವೆಂಬ ಕಾರಣಕ್ಕೆ ಪ್ರಮಾಣವಿಲ್ಲದುದನ್ನು ನಂಬಲು ತನ್ನಿಂದಾಗದೆಂದು ಅವನು ಆ ಪುತ್ರಶೋಕದ ನಡುವೆಯೂ ಉತ್ತರ ಬರೆದನು. ತನಗೆ ಅಪ್ರಿಯವಾದರೂ ಪ್ರಮಾಣವೇ ದೊಡ್ಡದೆಂಬ ಈ ನಿಷ್ಠುರತೆಯು ಅವನ ಮುಂದಿನ ಕೆಲಸದಲ್ಲಿಯೂ ಕಾಣುವುದು.

ಡಾರ್ವಿನ್ನನ ವಿರೋಧಿಗಳು ಕೇಳಿದ ಪ್ರಶ್ನೆಯು ನ್ಯಾಯವಾದುದೇ ಆಗಿತ್ತು. ಒಂದು ಬಗೆಯ ಪ್ರಾಣಿಯಿಂದ ಇನ್ನೊಂದು ಬಗೆಯು ಬಂದುದಾದರೆ ನಡುವಣ ಜೀವಿಗಳೆಲ್ಲಿ? ಹರಿದಾಡುವ ಸರೀಸೃಪಕ್ಕೂ ಹಾರಾಡುವ ಹಕ್ಕಿಗೂ ನಡುವಣ ಕಂದರವನ್ನು ದಾಟಿಸುವ ಸೇತುವೆ ಯಾವುದು? ಡೈನೋಸಾರ್ ಎಂಬ ಹೆಸರನ್ನು 1842ರಲ್ಲಿ ಕೊಟ್ಟ ರಿಚರ್ಡ್ ಓವೆನ್ನನು ಆ ಕಾಲದ ಮಹಾಪಂಡಿತ. ಅವನ ದೃಷ್ಟಿಯಲ್ಲಿ ಅವು ಖಡ್ಗಮೃಗದಂತೆ ನಾಲ್ಕು ಕಾಲೂರಿ ನಡೆಯುವ ಸ್ಥೂಲಕಾಯಗಳು. 1854ರಲ್ಲಿ ಲಂಡನ್ನಿನ ಸಿಡನಂ ಉದ್ಯಾನದಲ್ಲಿ ನಿಲ್ಲಿಸಿದ ಪ್ರತಿಮೆಗಳೂ ಹಾಗೆಯೇ ಇದ್ದವು. ಜನರು ಅವನ್ನೇ ನಿಜವೆಂದು ನಂಬಿದ್ದರು.

ಹಬ್ಬದೂಟದಲ್ಲಿ ಪಕ್ಷಿಯ ಮಾಂಸವನ್ನು ಕತ್ತರಿಸುತ್ತಿದ್ದಾಗ ಹಕ್ಸ್‌ಲಿಗೆ ಥಟ್ಟನೆ ಈ ನಂಟು ಹೊಳೆಯಿತೆಂದು ಒಂದು ಕತೆಯುಂಟು. ಕತೆಯು ರುಚಿಕರವಾಗಿದೆ, ನಿಜವು ಅದಕ್ಕಿಂತ ಹೆಚ್ಚು ಶ್ರಮದಿಂದ ಕೂಡಿದುದು. ಅವನು ಮೊದಲು ಪಕ್ಷಿಗಳ ಅಸ್ಥಿಪಂಜರಗಳನ್ನು ಒಂದೊಂದಾಗಿ ಹೋಲಿಸಿ, 1867ರಲ್ಲಿ ಅವುಗಳ ವರ್ಗೀಕರಣವನ್ನೇ ಹೊಸದಾಗಿ ರಚಿಸಿದನು. ಅದೇ ವರ್ಷ ಆಕ್ಸ್‌ಫರ್ಡಿನ ವಸ್ತುಸಂಗ್ರಹಾಲಯದಲ್ಲಿ ಜಾನ್ ಫಿಲಿಪ್ಸನೊಡನೆ ಮೆಗಲೋಸಾರಸ್ ಎಂಬ ಮಾಂಸಾಹಾರಿ ಡೈನೋಸಾರಿನ ಮೂಳೆಗಳನ್ನು ನೋಡಿದನು. ಭುಜದ್ದೆಂದು ಹಿರಿಯರೆಲ್ಲರೂ ತಿಳಿದಿದ್ದ ಮೂಳೆಯೊಂದು ಭುಜದ್ದಲ್ಲ, ಸೊಂಟದ್ದೆಂದು ಅವನ ಕಣ್ಣು ಗುರುತಿಸಿತು. ಪಕ್ಷಿಗಳ ಸೊಂಟದ ಮೂಳೆಗಳನ್ನು ಆಗತಾನೆ ನೋಡಿ ಬಂದಿದ್ದ ಕಣ್ಣಲ್ಲವೆ ಅದು? ಮೂಳೆಗಳನ್ನು ಸರಿಯಾದ ಸ್ಥಾನದಲ್ಲಿರಿಸಿ ನೋಡಿದಾಗ, ಮೆಗಲೋಸಾರಸ್ ಹಕ್ಕಿಯಂತೆ ಹಿಂಗಾಲುಗಳ ಮೇಲೆ ನಿಂತಿರಬೇಕೆಂದು ತೋರಿತು.

ಬವೇರಿಯದ ಸುಣ್ಣಗಲ್ಲುಗಳು ಇನ್ನೆರಡು ಸಾಕ್ಷಿಗಳನ್ನು ಒದಗಿಸಿದ್ದವು. 1861ರಲ್ಲಿ ದೊರೆತ ಆರ್ಕಿಯಾಪ್ಟೆರಿಕ್ಸ್‌ಗೆ ಹಕ್ಕಿಯ ಗರಿಗಳಿದ್ದವು. ಜೊತೆಗೆ ಸರೀಸೃಪದಂತೆ ಉದ್ದನೆಯ ಮೂಳೆಯ ಬಾಲವೂ ರೆಕ್ಕೆಯಲ್ಲಿ ಉಗುರುಳ್ಳ ಬೆರಳುಗಳೂ ಇದ್ದವು. ಅದನ್ನು ವರ್ಣಿಸುವಾಗ ಓವೆನ್ನನು ಎಡಬಲಗಳನ್ನು ಅದಲುಬದಲಾಗಿ ಗ್ರಹಿಸಿದ್ದುದನ್ನು ಹಕ್ಸ್‌ಲಿಯು 1868ರಲ್ಲಿ ಎತ್ತಿ ತೋರಿಸಿದನು. ಇಬ್ಬರ ಸ್ನೇಹವು ಎಂದೋ ಮುರಿದಿತ್ತು. ಆ ತಿದ್ದುಪಡಿಯಲ್ಲಿ ತುಸು ಖಾರವೂ ಇದ್ದಿತು. ಎರಡನೆಯ ಸಾಕ್ಷಿಯು ಕಾಂಪ್ಸೊಗ್ನಾಥಸ್. ಅದು ಕೋಳಿಯಷ್ಟೇ ಗಾತ್ರದ, ಎರಡು ಕಾಲುಗಳ ಮೇಲೆ ಓಡುತ್ತಿದ್ದ ಪುಟ್ಟ ಡೈನೋಸಾರ್. ಅದರ ತೊಡೆಯ ಮೂಳೆಯು ಹಕ್ಕಿಯಲ್ಲಿರುವಂತೆ ಕೆಳಗಾಲಿನ ಮೂಳೆಗಿಂತ ಗಿಡ್ಡ. ಹರಡಿನ ಮೂಳೆಯು ಕೆಳಗಾಲಿನ ತುದಿಗೆ ಬಿಗಿಯಾಗಿ ಅಂಟಿಕೊಂಡಿದೆ. ಬೆಳೆದ ಕೋಳಿಯಲ್ಲಿ ಈ ಎರಡೂ ಬೆಸೆದು ಒಂದಾಗಿರುತ್ತವೆ. ಮೊಟ್ಟೆಯೊಳಗಿನ ಮರಿಯಲ್ಲಿ ಅವು ಬೇರೆಬೇರೆಯಾಗಿಯೇ ಇರುತ್ತವೆ! ಅರ್ಧ ಬೆಳೆದ ಮರಿಯ ಕಾಲನ್ನು ದೊಡ್ಡದಾಗಿಸಿ ಕಲ್ಲಾಗಿಸಲು ಸಾಧ್ಯವಿದ್ದರೆ ಅದನ್ನು ಡೈನೋಸಾರಿನ ಕಾಲೆಂದೇ ಎಣಿಸಬೇಕಾಗುವುದೆಂದು ಹಕ್ಸ್‌ಲಿಯು ವಾದಿಸಿದನು.

ಇಷ್ಟಾದರೂ ಕಾಂಪ್ಸೊಗ್ನಾಥಸ್ಸೇ ಹಕ್ಕಿಗಳ ಮೂಲಪುರುಷನೆಂದು ಅವನು ಹೇಳಲಿಲ್ಲ. ದೊರೆತ ಜೀವಿಗಳು ಹಕ್ಕಿಗಳ ತಂದೆಯಲ್ಲ, ಚಿಕ್ಕಪ್ಪ ದೊಡ್ಡಪ್ಪಂದಿರ ವರಸೆಯವು. ನಿಜವಾದ ಕವಲು ಇನ್ನೂ ಪ್ರಾಚೀನವಾದುದು ಎಂದೇ ಅವನ ಎಣಿಕೆ. ಅವನು ತಪ್ಪಿದ್ದೂ ಉಂಟು. ಹಿಪ್ಸಿಲೊಫೊಡಾನ್ ಎಂಬ ಸಸ್ಯಾಹಾರಿಯ ಸೊಂಟವು ಹಕ್ಕಿಯದನ್ನು ಹೋಲುವುದೆಂದು ಅವನು ಅದಕ್ಕೆ ಹೆಚ್ಚಿನ ಬೆಲೆ ಕೊಟ್ಟನು. ಆ ಹೋಲಿಕೆಯು ಆಕಸ್ಮಿಕವೆಂದೂ, ಹಕ್ಕಿಗಳ ನಿಜವಾದ ಬಂಧುಗಳು ಮೆಗಲೋಸಾರಸ್‌ನ ಕಡೆಯವೆಂದೂ ಅನಂತರ ತಿಳಿದುಬಂದಿತು. ಆ ಮಾಂಸಾಹಾರಿಗಳ ಬಳಗಕ್ಕೆ ಅಮೆರಿಕದ ಮಾರ್ಷ್ ಎಂಬ ವಿಜ್ಞಾನಿಯು 1881ರಲ್ಲಿ ಥೀರೊಪಾಡ್ ಎಂಬ ಹೆಸರನ್ನಿತ್ತನು.

ಹಕ್ಸ್‌ಲಿಯ ಬಾಳಿನ ಉಳಿದ ಭಾಗವು ಬಹುಮಟ್ಟಿಗೆ ಸಾರ್ವಜನಿಕ ಕಾರ್ಯಗಳಲ್ಲಿ ಕಳೆಯಿತು. ಎರಡೇ ವರ್ಷ ಶಾಲೆಗೆ ಹೋಗಿದ್ದ ಅವನು 1870ರಲ್ಲಿ ಲಂಡನ್ನಿನ ಶಾಲಾ ಮಂಡಲಿಗೆ ಚುನಾಯಿತನಾಗಿ ಬಡಮಕ್ಕಳ ಶಿಕ್ಷಣಕ್ಕಾಗಿ ದುಡಿದನು. ಕಾರ್ಮಿಕರಿಗೆಂದೇ ಸರಳವಾದ ಉಪನ್ಯಾಸಗಳನ್ನು ಕೊಟ್ಟನು. 1883ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷನಾದನು. 1895ರ ಜೂನ್ 29ರಂದು ಈಸ್ಟ್‌ಬೋರ್ನಿನಲ್ಲಿ ಕಾಲವಾದನು.

ಅವನ ವಾದಕ್ಕೆ ಅನಂತರ ಮಂಕು ಕವಿಯಿತು. ಹಕ್ಕಿಗಳಿಗೆ ಕವಲೊಡೆದ ಕೊರಳೆಲುಬುಂಟು. ಡೈನೋಸಾರ್‌ಗಳಿಗೆ ಅದಿಲ್ಲ, ಒಮ್ಮೆ ಲೋಪವಾದ ಮೂಳೆಯು ಮತ್ತೆ ಮೂಡದು ಎಂದು ಡೆನ್ಮಾರ್ಕಿನ ಹೈಲ್‌ಮನ್ನನು 1926ರ ತನ್ನ ಗ್ರಂಥದಲ್ಲಿ ತೀರ್ಮಾನಿಸಿದನು. ದಶಕಗಳ ಕಾಲ ಎಲ್ಲರೂ ಅದನ್ನೇ ಒಪ್ಪಿದರು. 1964ರಲ್ಲಿ ಅಮೆರಿಕದ ಮೊಂಟಾನದಲ್ಲಿ ಜಾನ್ ಆಸ್ಟ್ರಮ್ಮನು ಡೈನೊನಿಕಸ್ ಎಂಬ ಚುರುಕಾದ ಥೀರೊಪಾಡನ್ನು ಪತ್ತೆಮಾಡಿ, ಅದರ ಮುಂಗೈಯನ್ನು ಆರ್ಕಿಯಾಪ್ಟೆರಿಕ್ಸ್‌ನ ಮುಂಗೈಯೊಡನೆ ಹೋಲಿಸಿದ ಮೇಲೆ ಹಳೆಯ ವಾದವು ಮರಳಿ ಚಿಗುರಿತು. ಇಲ್ಲವೆಂದಿದ್ದ ಕೊರಳೆಲುಬುಗಳೂ ಅನೇಕ ಥೀರೊಪಾಡ್‌ಗಳಲ್ಲಿ ದೊರೆತವು. 1996ರಲ್ಲಿ ಚೀನದ ಲಿಯಾವೊನಿಂಗ್ ಪ್ರಾಂತದ ಕಲ್ಲಿನಲ್ಲಿ ಕಂಡ ಸಿನೊಸಾರೊಪ್ಟೆರಿಕ್ಸ್ ಎಂಬ ಡೈನೋಸಾರಿನ ಬೆನ್ನಿನಿಂದ ಬಾಲದವರೆಗೂ ಎಳೆಎಳೆಯಾದ ತುಪ್ಪುಳಿನ ಗುರುತು ಸ್ಪಷ್ಟವಾಗಿತ್ತು. ಅದರ ಮೂಳೆಗಳನ್ನು ಪರೀಕ್ಷಿಸಿದವರು ಅದು ಕಾಂಪ್ಸೊಗ್ನಾಥಸ್‌ನ ಹತ್ತಿರದ ಬಂಧುವೆಂದು ಗುರುತಿಸಿದರು.