ಸರ್ ಚಂದ್ರಶೇಖರ ವೆಂಕಟರಾಮನ್ನರ ಚರಿತ್ರೆಯೂ ನಮ್ಮ ಪ್ರಯೋಗಸಂಘವೂ

ನಮ್ಮ ಹೈಸ್ಕೂಲಿನಲ್ಲಿ ಭೌತವಿಜ್ಞಾನದ ಪ್ರಯೋಗಸಂಘವೊಂದನ್ನು ಸ್ಥಾಪಿಸಬೇಕೆಂದು ನಿಶ್ಚಯಿಸಿದ ಮೇಲೆ, ಅದರ ಸದಸ್ಯೆಯರಾಗಲಿರುವ ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳ ಬಾಲಿಕೆಯರು ಮೊದಲು ಯಾರ ಚರಿತ್ರೆಯನ್ನು ಓದತಕ್ಕದ್ದೆಂದು ನಾವು ಯೋಚಿಸಿದೆವು. ಸರ್ ಚಂದ್ರಶೇಖರ ವೆಂಕಟರಾಮನ್ನರ ಹೆಸರೇ ಒಡನೆ ಹೊಳೆಯಿತು. ಅವರಿಗೆ ದೊರೆತ ಬಹುಮಾನಗಳನ್ನು ಮಕ್ಕಳು ಬಾಯಿಪಾಠವಾಗಿ ಬಲ್ಲರು. ಅವರು ಕೆಲಸಮಾಡಿದ ಬಗೆಯನ್ನು ಬಲ್ಲವರು ಕಡಿಮೆ.

ರಾಮನ್ನರು 1888ನೆಯ ಇಸವಿ ನವೆಂಬರ 7ರಂದು ತಿರುಚಿರಾಪಳ್ಳಿಯ ಬಳಿಯ ತಿರುವಾನೈಕ್ಕಾವಲಿನಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರರು ಗಣಿತ, ಭೌತವಿಜ್ಞಾನಗಳ ಅಧ್ಯಾಪಕರು, ಪಿಟೀಲು ಬಾರಿಸಬಲ್ಲವರು. ಅವರಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಕೆಲಸ ದೊರೆತುದರಿಂದ ಬಾಲಕನು ಅಲ್ಲಿನ ಸಂತ ಅಲೋಶಿಯಸ್ ಶಾಲೆಯಲ್ಲಿ, ಅಂದರೆ ಕ್ರೈಸ್ತ ಮಿಶನರಿಗಳ ಕೈಕೆಳಗೆ, ಕಲಿತನೆಂಬುದನ್ನು ನಾವು ಕೊಂಚ ಅಭಿಮಾನದಿಂದಲೇ ಬರೆಯುತ್ತೇವೆ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತಿದ್ದಾಗಲೇ, 1906ರಲ್ಲಿ, ಬೆಳಕಿನ ವಿಷಯವಾಗಿ ಅವರು ಬರೆದ ಲೇಖನವು ಲಂಡನ್ನಿನ ಶಾಸ್ತ್ರಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಅವರಿಗೆ 18 ವರುಷ.

ಶಾಸ್ತ್ರದಿಂದ ಹೊಟ್ಟೆ ತುಂಬುವ ಕಾಲ ಅದಾಗಿರಲಿಲ್ಲ. ಆದಕಾರಣ 1907ರಲ್ಲಿ ಅವರು ಸರಕಾರದ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿ ಕಲಕತ್ತೆಗೆ ಹೋದರು. ಅಲ್ಲಿ ಬೌಬಜಾರ್ ಬೀದಿಯಲ್ಲಿ ಹೋಗುತ್ತಿರುವಾಗ ಒಂದು ಹಲಗೆ ಅವರ ಕಣ್ಣಿಗೆ ಬಿದ್ದಿತು. ಅದು ವಿಜ್ಞಾನಾಭಿವೃದ್ಧಿಯ ಭಾರತೀಯ ಸಂಘದ ಹಲಗೆ. ಈ ಸಂಘವನ್ನು 1876ರಲ್ಲಿ ಮಹೇಂದ್ರಲಾಲ ಸರ್ಕಾರರೆಂಬ ವೈದ್ಯರು ಜನರಿಂದ ಚಂದಾ ಎತ್ತಿ ಕಟ್ಟಿದ್ದರು. ಸ್ವದೇಶದವರು ತಮ್ಮ ಕೈಯಿಂದಲೇ ಪ್ರಯೋಗ ಮಾಡಲೆಂಬುದು ಅವರ ಆಶೆ. ಆದರೆ ರಾಮನ್ನರು ಬಂದಾಗ ಉಪಕರಣಗಳನ್ನು ಮುಟ್ಟುವವರು ಹೆಚ್ಚಾಗಿ ಇರಲಿಲ್ಲ. ಅವರು ಬೆಳಗಿನ ಜಾವದಲ್ಲಿ ಅಲ್ಲಿಗೆ ಹೋಗಿ, ಹೊತ್ತಿಗೆ ಸರಿಯಾಗಿ ಕಚೇರಿಗೆ ನಡೆದು, ಸಾಯಂಕಾಲ ಮತ್ತೆ ಅಲ್ಲಿಗೇ ಬಂದು ರಾತ್ರಿಯವರೆಗೆ ದುಡಿಯುವರು. ಹೀಗೆ ಸುಮಾರು ಹತ್ತು ವರುಷ ಕಳೆಯಿತು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾದುದೂ ಉಂಟು. ಅವರ ನೆರವಿಗೆ ನಿಂತವನು ಆಶುತೋಷ ದೇ ಎಂಬವನು, ವಿಶ್ವವಿದ್ಯಾಲಯದ ಹೊಸ್ತಿಲನ್ನು ತುಳಿದವನಲ್ಲ. ಆದರೂ ಅವನ ಹೆಸರು ರಾಮನ್ನರ ಲೇಖನಗಳಲ್ಲಿ ಅವರ ಹೆಸರಿನೊಡನೆ ಅಚ್ಚಾಯಿತು. ಪರೀಕ್ಷೆಯ ಅಂಕಗಳು ಕಡಿಮೆಯೆಂದು ಸಂಘಕ್ಕೆ ಸೇರಲು ಹಿಂಜರಿಯುವ ಹುಡುಗಿಯರು ಇದನ್ನು ಎರಡು ಸಾರಿ ಓದಲಿ. 1917ರಲ್ಲಿ ರಾಮನ್ನರು ಹೆಚ್ಚಿನ ಸಂಬಳದ ಉದ್ಯೋಗವನ್ನು ಬಿಟ್ಟು ಕಲಕತ್ತೆಯ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರರಾದರು.

ಮೃದಂಗವನ್ನೂ ತಬಲವನ್ನೂ ಕುರಿತು ಅವರು ನಡೆಸಿದ ಶೋಧನೆಯು ನಮ್ಮ ಸೀಮೆಯವರಿಗೆ ವಿಶೇಷ ರುಚಿಕರವಾದುದು. ಬರಿಯ ತೊಗಲಿನ ಡೋಲನ್ನು ಬಡಿದರೆ ಹುಟ್ಟುವ ನಾದಗಳು ಒಂದಕ್ಕೊಂದು ಹೊಂದುವುದಿಲ್ಲ; ಗದ್ದಲವೇ ಹೆಚ್ಚು. ಮೃದಂಗದ ನಡುವೆ ಕಪ್ಪು ಕರಣೆಯನ್ನು ಮೆತ್ತಿದಾಗ ಆ ಭಾರದಿಂದ ಮೇಲಣ ನಾದಗಳು ಮೂಲನಾದದ ಎರಡು, ಮೂರು, ನಾಲ್ಕು, ಐದರಷ್ಟಾಗಿ ಕ್ರಮಗೊಂಡು, ತಂತಿವಾದ್ಯದಂತೆ ಶ್ರುತಿಗೂಡುತ್ತವೆ. ತೊಗಲಿನ ಮೇಲೆ ನಯವಾದ ಮರಳನ್ನು ಉದುರಿಸಿ ಬಾರಿಸಿದರೆ, ಅಲುಗದ ಗೆರೆಗಳಲ್ಲಿ ಮರಳು ನಿಂತು ಚಿತ್ರವಾಗುತ್ತದೆ. ಯಕ್ಷಗಾನದ ಮದ್ದಳೆಯಿಲ್ಲದ ಊರು ನಮ್ಮಲ್ಲಿ ಯಾವುದು? ಹಿರಿಯರ ಅಪ್ಪಣೆ ಪಡೆದು ಒಂದು ಮದ್ದಳೆಯನ್ನು ತಂದರೆ ನಮಗೂ ಇದೇ ಪ್ರಯೋಗ ಸಾಧ್ಯ.

1921ರಲ್ಲಿ ವಿಲಾಯತಿಯಿಂದ ಹಡಗಿನಲ್ಲಿ ಹಿಂದಿರುಗುತ್ತ ರಾಮನ್ನರು ಸಮುದ್ರದ ನೀಲವನ್ನು ಕಂಡು ಮರುಳಾದರು. ಆಕಾಶದ ಬಣ್ಣವೇ ನೀರಿನಲ್ಲಿ ಪ್ರತಿಫಲಿಸುವುದೆಂದು ಆಗಿನ ದೊಡ್ಡ ಪಂಡಿತರು ಹೇಳಿದ್ದರು. ಇವರು ಕಿರಿದೊಂದು ನಿಕಲ್ ಪಟ್ಟಕದ ಮೂಲಕ ಆ ಪ್ರತಿಬಿಂಬವನ್ನು ಮರೆಮಾಡಿ ನೋಡಿದರೆ, ನೀಲವು ಅಳಿಯಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆಂದು ತಿಳಿದುಬಂತು. ಆ ಜಾಡಿನಲ್ಲಿಯೇ ಏಳು ವರುಷ ನಡೆದು, ಕೆ. ಎಸ್. ಕೃಷ್ಣನ್ನರೊಡನೆ ದುಡಿದು, 1928ರ ಫೆಬ್ರವರಿ 28ರಂದು, ಚದರಿದ ಬೆಳಕಿನಲ್ಲಿ ಮೊದಲಿಲ್ಲದ ಬಣ್ಣವೂ ಇರುವುದನ್ನು ಕಂಡರು. ನೋಬೆಲ್ ಪಾರಿತೋಷಕವು 1930ರಲ್ಲಿ ಬಂದಿತು.

1933ರಲ್ಲಿ ಅವರು ಬೆಂಗಳೂರಿನ ವಿಜ್ಞಾನಮಂದಿರದ ನಿರ್ದೇಶಕರಾದರು. ಇಲ್ಲಿ ನಾವು ಒಂದು ಕಹಿಯಾದ ಸಂಗತಿಯನ್ನು ಬರೆಯಬೇಕಾಗಿದೆ. ಚರಿತ್ರಕಾರರು ಇದನ್ನು ಬಿಟ್ಟುಬಿಡುವುದುಂಟು. ಬಾಲಿಕೆಯರ ಶಾಲೆಯ ಸಂಚಿಕೆಯಲ್ಲಿ ಬಿಡುವುದು ನ್ಯಾಯವಲ್ಲ. ಮುಂಬಯಿಯಲ್ಲಿ ಮೊದಲನೆಯವಳಾಗಿ ತೇರ್ಗಡೆ ಹೊಂದಿ ಬಂದ ಕಮಲಾ ಭಾಗವತ ಎಂಬ ಕನ್ಯೆಯನ್ನು, ಹೆಂಗಸೆಂಬ ಕಾರಣಕ್ಕಾಗಿ ರಾಮನ್ನರು ಸೇರಿಸಿಕೊಳ್ಳಲಿಲ್ಲ. ಆಕೆ ಹಿಂದೆಗೆಯದೆ ಕೇಳುತ್ತಲೇ ಇದ್ದುದರಿಂದ ಒಂದು ವರುಷದ ಪರೀಕ್ಷಾರ್ಥವಾಗಿ ಪ್ರವೇಶ ಕೊಟ್ಟರು. ಆಕೆಯ ಕೆಲಸವನ್ನು ಕಂಡ ಮೇಲೆ ಬೇರೆ ಸ್ತ್ರೀಯರಿಗೂ ಬಾಗಿಲು ತೆರೆಯಿತು. ಕಮಲಾ 1939ರಲ್ಲಿ ಕೇಂಬ್ರಿಜ್ಜಿನಲ್ಲಿ ಡಾಕ್ಟರ್ ಪದವಿ ಪಡೆದರು.

ತಿರುವಾಂಕೂರಿನ ಸಿರಿಯನ್ ಕ್ರೈಸ್ತ ಮನೆತನದ ಅನ್ನಾ ಮಣಿಯವರು 1940ರಲ್ಲಿ ರಾಮನ್ನರ ಪ್ರಯೋಗಶಾಲೆಗೆ ಬಂದರು. ವಜ್ರಗಳಿಂದ ಹೊಮ್ಮುವ ಬೆಳಕಿನ ಚಿತ್ರ ತೆಗೆಯಲು ಒಂದೊಂದು ಸಲ 15, 20 ಗಂಟೆ ಕಾಯಬೇಕಾಗಿ, ರಾತ್ರಿಯೂ ಅಲ್ಲಿಯೇ ಇರುತ್ತಿದ್ದರು. ಗಂಡಸರೊಡನೆ ಹೆಂಗಸರು ಮಾತಾಡುವುದು ರಾಮನ್ನರಿಗೆ ಸರಿಬೀಳುತ್ತಿರಲಿಲ್ಲವಾಗಿ, ಶಾಸ್ತ್ರಚರ್ಚೆಯಲ್ಲಿಯೂ ಆಕೆ ಬಹುಮಟ್ಟಿಗೆ ಒಂಟಿ. ಆಕೆಗೆ ಎಮ್. ಎಸ್‌ಸಿ. ಪದವಿ ಇಲ್ಲವೆಂದು ಮದ್ರಾಸ್ ವಿಶ್ವವಿದ್ಯಾಲಯವು ಡಾಕ್ಟರ್ ಪದವಿಯನ್ನು ಕೊಡಲಿಲ್ಲ. ಆದರೂ 1948ರಲ್ಲಿ ಹವಾಮಾನ ಇಲಾಖೆಯನ್ನು ಸೇರಿ, ಮಳೆ ಗಾಳಿ ಬಿಸಿಲುಗಳನ್ನು ಅಳೆಯುವ ಉಪಕರಣಗಳು ಈ ದೇಶದಲ್ಲಿಯೇ ತಯಾರಾಗುವಂತೆ ಮಾಡಿದರು. ರಾಮನ್ನರು ಆಕೆಗೆ ಪ್ರಯೋಗದ ಶಿಸ್ತನ್ನು ಕಲಿಸಿದ ಗುರುಗಳೂ ಹೌದು, ಆಕೆಯ ದಾರಿಯನ್ನು ಇಕ್ಕಟ್ಟು ಮಾಡಿದವರೂ ಹೌದು. ಎರಡನ್ನೂ ಒಟ್ಟಿಗೆ ಹೇಳದೆ ನಮಗೆ ಗತಿಯಿಲ್ಲ.

ರಾಮನ್ನರು 1948ರಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸಂಶೋಧನಾಲಯವನ್ನು ತೆರೆದು, ಹೂವು, ಚಿಟ್ಟೆ, ರತ್ನಗಳ ಬಣ್ಣಗಳನ್ನು ಶೋಧಿಸುತ್ತ, ನೋಡಬಂದ ಶಾಲೆಯ ಮಕ್ಕಳಿಗೆ ಅವುಗಳನ್ನು ತೋರಿಸುತ್ತ ಇದ್ದು, 1970ರ ನವೆಂಬರ 21ರಂದು ತೀರಿಕೊಂಡರು. ಅವರ ಇಚ್ಛೆಯಂತೆ ಸಂಶೋಧನಾಲಯದ ತೋಟದಲ್ಲಿಯೇ ದಹನವಾಯಿತು.

ನಮ್ಮ ಸಂಘವು ಶನಿವಾರ ಮಧ್ಯಾಹ್ನ ಕೂಡುವುದು. ಮೊದಲನೆಯ ಕೂಟಕ್ಕೆ ಗಾಜಿನ ಲೋಟ, ಒಂದು ಚಮಚ ಹಾಲು, ಕೈದೀಪ, ನೊರೆಗಾಗಿ ಅಂಟುವಾಳದ ಕಾಯಿ, ಇಷ್ಟೇ ಸಾಕು. ನೀರಿಗೆ ಹಾಲಿನ ಹನಿ ಬೆರೆಸಿ ದೀಪ ಹಿಡಿದಾಗ ಪಕ್ಕದಿಂದ ನೀಲವೂ ಎದುರಿನಿಂದ ಕೆಂಪೂ ಏಕೆ ಕಾಣುವುದೆಂಬುದನ್ನು ಉಪಾಧ್ಯಾಯಿನಿಯರು ಮೊದಲೇ ಹೇಳಲಾಗದು. ಸಿದ್ದಾಪುರ, ಯಲ್ಲಾಪುರಗಳ ಕಡೆಯ ಬಾಲಿಕೆಯರನ್ನು ಸಂಜೆಯ ಬಸ್ಸಿನ ಹೊತ್ತಿಗೆ ಬಿಡಲಾಗುವುದೆಂದು ತಾಯ್ತಂದೆಗಳಿಗೆ ಪ್ರತ್ಯೇಕವಾಗಿ ಬರೆದಿದ್ದೇವೆ.