ಸಿಟ್ಟಿನ ಟೀಚರಮ್ಮ ಆನಿ ಸಲಿವನ್



ಈ ಸಲದ ಗೋಡೆ ಪತ್ರಿಕೆಗೆ ಒಳ್ಳೆಯ ಶಿಕ್ಷಕರಲ್ಲಿ ಇರಬೇಕಾದ ಗುಣಗಳು ಎಂಬ ವಿಷಯ ಕೊಟ್ಟಾಗ ನಮ್ಮ ತರಗತಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ಮೊದಲು ಬರೆದದ್ದು ಒಂದೇ ಪದ: ತಾಳ್ಮೆ. ನಾನೂ ಅದನ್ನೇ ಬರೆದಿದ್ದೆ. ಅದರ ಕೆಳಗೆ ಪ್ರೀತಿ, ಶಿಸ್ತು, ಸಮಯಪಾಲನೆ ಅಂತ ಬರೆದುಕೊಂಡು ಹೋದೆ. ಅರ್ಧ ಹಾಳೆ ತುಂಬಿತು. ಓದಿ ನೋಡಿದರೆ ಅದರಲ್ಲಿ ಯಾವ ಮೇಷ್ಟರ ಮುಖವೂ ಕಾಣಲಿಲ್ಲ. ಅದಕ್ಕೇ ಆ ಹಾಳೆ ಬಿಟ್ಟು ಒಬ್ಬ ಟೀಚರಮ್ಮನ ಜೀವನ ಬರೆಯುತ್ತಿದ್ದೇನೆ. ಇವರಿಗೆ ತಾಳ್ಮೆ ಹುಟ್ಟಿನಿಂದ ಬಂದದ್ದಲ್ಲ. ಮೂಗಿನ ತುದಿಯಲ್ಲೇ ಸಿಟ್ಟು. ಹಟವಂತೂ ಕೇಳಲೇಬೇಡಿ.

ಹೆಲೆನ್ ಕೆಲ್ಲರ್ ಹೆಸರು ನಮ್ಮಲ್ಲಿ ಬಹಳ ಜನ ಕೇಳಿದ್ದೇವೆ. ಕಣ್ಣು ಕಾಣದ, ಕಿವಿ ಕೇಳದ ಅಮೆರಿಕದ ಹುಡುಗಿ, ದೊಡ್ಡವಳಾಗಿ ಪುಸ್ತಕ ಬರೆದವಳು, ದೇಶ ದೇಶ ಸುತ್ತಿದವಳು. ಆಕೆಯ ಕಥೆ ಹೇಳುವಾಗ ಆನಿ ಸಲಿವನ್ ಎಂಬ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತೆ. ನನಗೆ ಆ ಒಂದು ಸಾಲಿನವರ ಮೇಲೇ ಕುತೂಹಲ.

ಆನಿ ಹುಟ್ಟಿದ್ದು 1866ನೇ ಇಸವಿ ಏಪ್ರಿಲ್ 14ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫೀಡಿಂಗ್ ಹಿಲ್ಸ್ ಎಂಬ ಊರಿನಲ್ಲಿ. ಅಪ್ಪ ಅಮ್ಮ ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದ ಬಡವರು. ಐದನೇ ವಯಸ್ಸಿನ ಹೊತ್ತಿಗೆ ಅವಳಿಗೆ ಟ್ರಕೋಮ ಎಂಬ ಕಣ್ಣಿನ ರೋಗ ತಗುಲಿ ದೃಷ್ಟಿ ಮಂಜಾಗುತ್ತಾ ಹೋಯಿತು. ಎಂಟನೇ ವಯಸ್ಸಿನಲ್ಲಿ ಅಮ್ಮ ಕ್ಷಯರೋಗದಿಂದ ತೀರಿಕೊಂಡರು. ಅಪ್ಪನಿಂದ ಮಕ್ಕಳನ್ನು ಸಾಕಲಾಗಲಿಲ್ಲ. 1876ರಲ್ಲಿ ಆನಿಯನ್ನೂ ಅವಳ ತಮ್ಮ ಜಿಮ್ಮಿಯನ್ನೂ ಟ್ಯೂಕ್ಸ್‌ಬರಿ ಎಂಬ ಊರಿನ ಆಶ್ರಯಾಲಯಕ್ಕೆ ಸೇರಿಸಿದರು. ದಿಕ್ಕಿಲ್ಲದವರು, ಹುಚ್ಚು ಹಿಡಿದವರು, ವಾಸಿಯಾಗದ ಕಾಯಿಲೆಯವರು ಎಲ್ಲರನ್ನೂ ಒಟ್ಟಿಗೆ ತುಂಬಿದ್ದ ಜಾಗ ಅದು. ಸೊಂಟದ ಹತ್ತಿರ ಗಡ್ಡೆಯಾಗಿ ಊರುಗೋಲಿನಲ್ಲಿ ನಡೆಯುತ್ತಿದ್ದ ಜಿಮ್ಮಿ ಕೆಲವೇ ತಿಂಗಳಲ್ಲಿ ಸತ್ತುಹೋದ. ಅವಳಿಗೆ ಆಗಿನ್ನೂ ಹತ್ತು ವರ್ಷ. ಮುಂದಿನ ನಾಲ್ಕು ವರ್ಷ ಅವಳು ಅಲ್ಲೇ ಕಳೆದಳು.

ಕುರುಡು ಮಕ್ಕಳಿಗೂ ಶಾಲೆ ಇದೆ ಅಂತ ಯಾರೋ ಅವಳಿಗೆ ಹೇಳಿದ್ದರು. 1880ರಲ್ಲಿ ಆಶ್ರಯಾಲಯದ ಸ್ಥಿತಿ ನೋಡಲು ಸರ್ಕಾರದ ತನಿಖೆಯವರು ಬಂದರು. ಸ್ಯಾನ್‌ಬಾರ್ನ್ ಎಂಬುವರು ಅದರ ಮುಖ್ಯಸ್ಥರು. ಆನಿಗೆ ಅವರಲ್ಲಿ ಯಾರು ಸ್ಯಾನ್‌ಬಾರ್ನ್ ಅಂತ ಕಾಣುತ್ತಿರಲಿಲ್ಲ. ಆ ಗುಂಪಿನ ಹಿಂದೆ ಹಿಂದೆ ಹೋಗಿ, ಇನ್ನೇನು ಅವರು ಹೊರಟೇಬಿಡುತ್ತಾರೆ ಅನ್ನುವಾಗ ನಡುವೆ ನುಗ್ಗಿ, ತನಗೆ ಶಾಲೆಗೆ ಹೋಗಬೇಕು ಎಂದು ಕೂಗಿಕೊಂಡಳು. ಅದೇ ವರ್ಷ ಅಕ್ಟೋಬರಿನಲ್ಲಿ ಬಾಸ್ಟನ್ ನಗರದ ಪರ್ಕಿನ್ಸ್ ಅಂಧರ ಶಾಲೆಗೆ ಸೇರಿಸಿದರು. 14 ವರ್ಷದ ಹುಡುಗಿಗೆ ತನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಜೊತೆಯ ಹುಡುಗಿಯರು ನಕ್ಕರು. ಅವಳು ತಿರುಗಿ ಬೈದಳು. ಟೀಚರುಗಳಿಗೂ ಎದುರು ಮಾತಾಡುತ್ತಿದ್ದಳು. ಶಾಲೆಯಿಂದ ತೆಗೆದುಹಾಕುವ ಮಾತು ಒಂದೆರಡು ಸಲ ಬಂದು ತಪ್ಪಿತು. ನಮ್ಮ ಶಾಲೆಯಲ್ಲಿದ್ದಿದ್ದರೆ ದಿನಾ ಹೆಡ್‌ಮಾಸ್ಟರ ಕೋಣೆಯ ಹೊರಗೆ ನಿಲ್ಲುತ್ತಿದ್ದಳು ಅನ್ನಿಸುತ್ತೆ. ಕಣ್ಣಿನ ಆಪರೇಷನ್ ಆದ ಮೇಲೆ ಸ್ವಲ್ಪ ದೃಷ್ಟಿ ಬಂತು, ಪುಸ್ತಕ ಹತ್ತಿರ ಹಿಡಿದು ಓದುವಷ್ಟು. 1886ರಲ್ಲಿ ತರಗತಿಗೇ ಮೊದಲಿಗಳಾಗಿ ಹೊರಬಂದಳು.

ಆ ಶಾಲೆಯಲ್ಲಿ ಲಾರಾ ಬ್ರಿಡ್ಜ್‌ಮನ್ ಎಂಬ ವಯಸ್ಸಾದ ಹೆಂಗಸು ಇದ್ದರು. ಅವರಿಗೂ ಕಣ್ಣಿಲ್ಲ, ಕಿವಿಯಿಲ್ಲ. ಆನಿ ಬೆರಳಿನ ಅಕ್ಷರ ಕಲಿತು ಅವರ ಜೊತೆ ಮಾತಾಡುತ್ತಿದ್ದಳು. ಬೆರಳಿನ ಅಕ್ಷರ ಅಂದರೆ ಅಂಗೈ ಮೇಲೆ ಗೀಚುವುದಲ್ಲ. ಒಂದೊಂದು ಅಕ್ಷರಕ್ಕೂ ಬೆರಳು ಮಡಿಸುವ ಒಂದೊಂದು ರೀತಿ ಇದೆ. ಇನ್ನೊಬ್ಬರು ಅದನ್ನು ಮುಟ್ಟಿ ತಿಳಿದುಕೊಳ್ಳಬೇಕು. ನನಗೂ ನನ್ನ ಪಕ್ಕ ಕೂರುವವನಿಗೂ ಅದು ಬರುವುದಿಲ್ಲ. ಆದರೂ ಪರೀಕ್ಷೆ ಮಾಡೋಣ ಅಂತ ಅವನ ಕಣ್ಣು ಮುಚ್ಚಿಸಿ ಅಂಗೈ ಮೇಲೆ ಬೆರಳಿನಿಂದ ನೀರು ಅಂತ ಬರೆದೆ. ಮೂರು ಸಲ ಬರೆದರೂ ಅವನಿಗೆ ಗೊತ್ತಾಗಲಿಲ್ಲ. ಇಬ್ಬರಿಗೂ ಬೇಜಾರು ಬಂತು. ಆಮೇಲೆ ಯೋಚನೆ ಮಾಡಿದೆ. ಪದ ಅನ್ನೋದು ಒಂದಿದೆ ಅಂತಾದರೂ ಅವನಿಗೆ ಗೊತ್ತಿತ್ತು. ಹೆಲೆನ್‌ಗೆ ಅದೂ ಗೊತ್ತಿರಲಿಲ್ಲ.

ಹೆಲೆನ್ 1880ರ ಜೂನ್ 27ರಂದು ಅಲಬಾಮಾ ರಾಜ್ಯದ ಟಸ್ಕಂಬಿಯಾದಲ್ಲಿ ಹುಟ್ಟಿದವಳು. 19 ತಿಂಗಳ ಮಗುವಾಗಿದ್ದಾಗ ಜ್ವರ ಬಂದು ಕಣ್ಣು ಕಿವಿ ಎರಡೂ ಹೋದವು. ಮಗಳಿಗೆ ಒಬ್ಬ ಟೀಚರ್ ಬೇಕು ಎಂದು ಅವಳ ತಂದೆ ಪರ್ಕಿನ್ಸ್ ಶಾಲೆಗೆ ಕಾಗದ ಬರೆದರು. ಶಾಲೆಯವರು ಆನಿಯನ್ನು ಕಳಿಸಿದರು. ಶಿಕ್ಷಕರ ತರಬೇತಿ ಏನೂ ಆಗಿರಲಿಲ್ಲ. ಲಾರಾಗೆ ಪಾಠ ಹೇಳಿದ ಡಾಕ್ಟರ್ ಹೋವ್ ಅವರ ವರದಿಗಳನ್ನು ಕೆಲವು ತಿಂಗಳು ಓದಿಕೊಂಡು ರೈಲು ಹತ್ತಿದಳು. 1887ರ ಮಾರ್ಚ್ 3ರಂದು ಆ ಮನೆಗೆ ಬಂದಾಗ ಅವಳ ವಯಸ್ಸು 20, ಹೆಲೆನ್‌ಗೆ ಇನ್ನೂ ಏಳು ತುಂಬಿರಲಿಲ್ಲ. ಇಲ್ಲಿಂದ ಮುಂದೆ ಅವರು ಎಂದೇ ಬರೆಯುತ್ತೇನೆ, ಟೀಚರ್ ಆದರಲ್ಲ!

ಪರ್ಕಿನ್ಸ್ ಮಕ್ಕಳು ಒಂದು ಗೊಂಬೆ ಕೊಟ್ಟು ಕಳಿಸಿದ್ದರು. ಅದರ ಬಟ್ಟೆ ಹೊಲಿದಿದ್ದು ಲಾರಾ. ಗೊಂಬೆಯನ್ನು ಹೆಲೆನ್ ಕೈಗೆ ಕೊಟ್ಟು, ಡಿ-ಓ-ಎಲ್-ಎಲ್ ಎಂದು ಅಂಗೈಯಲ್ಲಿ ಬೆರಳಿಂದ ಹೇಳಿದರು. ಹುಡುಗಿ ಕೋತಿಯ ಹಾಗೆ ಅದನ್ನೇ ತಿರುಗಿ ಮಾಡಿತು, ಅಷ್ಟೇ. ಆಮೇಲೆ ಶುರುವಾಯಿತು ಯುದ್ಧ. ಹೆಲೆನ್ ಟೀಚರ ಮುಂದಿನ ಹಲ್ಲು ಒಂದನ್ನು ಬೀಳಿಸಿದಳು. ಟೀಚರನ್ನು ಕೋಣೆಯೊಳಗೆ ಕೂಡಿ ಬೀಗ ಹಾಕಿ ಕೀಲಿಕೈ ಬಚ್ಚಿಟ್ಟಳು. ಕೊನೆಗೆ ಅವಳ ತಂದೆ ಏಣಿ ಇಟ್ಟು ಕಿಟಕಿಯಿಂದ ಟೀಚರನ್ನು ಇಳಿಸಿಕೊಂಡರು.

ಊಟದ ಮೇಜಿನ ಜಗಳ ಇನ್ನೂ ದೊಡ್ಡದು. ಹೆಲೆನ್ ಮೇಜಿನ ಸುತ್ತ ತಿರುಗುತ್ತಾ ಎಲ್ಲರ ತಟ್ಟೆಗೂ ಕೈ ಹಾಕಿ ಬೇಕಾದ್ದು ತಿನ್ನುತ್ತಿದ್ದಳು. ಪಾಪ ಕುರುಡಿ ಅಂತ ಮನೆಯವರು ಸುಮ್ಮನಿದ್ದರು. ಆನಿ ತಮ್ಮ ತಟ್ಟೆ ಮುಟ್ಟಲು ಬಿಡಲಿಲ್ಲ. ಮನೆಯವರು ಎದ್ದು ಹೊರಗೆ ಹೋದರು, ಆನಿ ಬಾಗಿಲಿಗೆ ಬೀಗ ಹಾಕಿದರು. ಹುಡುಗಿ ನೆಲದ ಮೇಲೆ ಬಿದ್ದು ಒದ್ದಾಡಿದಳು, ಚಿವುಟಿದಳು. ಚಿವುಟಿದಾಗಲೆಲ್ಲ ಆನಿ ಒಂದು ಏಟು ಕೊಟ್ಟರು. ಚಮಚ ಎಸೆದರೆ ಅವಳ ಕೈಯಿಂದಲೇ ಎತ್ತಿಸಿದರು. ಕೊನೆಗೆ ಚಮಚದಲ್ಲಿ ತಿಂದು, ಕೈ ಒರೆಸುವ ಬಟ್ಟೆ ಮಡಿಸುವ ತನಕ ಬಾಗಿಲು ತೆಗೆಯಲಿಲ್ಲ. ಆಮೇಲೆ ತಮ್ಮ ಕೋಣೆಗೆ ಹೋಗಿ ಮಂಚದ ಮೇಲೆ ಬಿದ್ದು ಅತ್ತರು. ಹೊಡೆದದ್ದು ಸರಿ ಎಂದು ನಾನು ಒಪ್ಪುವುದಿಲ್ಲ. ನಮ್ಮ ಮೇಷ್ಟರುಗಳು ಇದನ್ನು ಓದಿ ನೆಪ ಮಾಡಿಕೊಳ್ಳಬಾರದು! ಆದರೆ ಅತ್ತದ್ದನ್ನು ಸ್ವತಃ ಆನಿಯೇ ಕಾಗದದಲ್ಲಿ ಬರೆದು ತಿಳಿಸಿದ್ದಾರೆ. ಬಚ್ಚಿಡಲಿಲ್ಲ.

ಮನೆಯವರ ಮುದ್ದಿನ ನಡುವೆ ಪಾಠ ಆಗೋದಿಲ್ಲ ಎಂದು ಆನಿ ಹಟ ಹಿಡಿದರು. ತೋಟದಲ್ಲಿದ್ದ ಚಿಕ್ಕ ಮನೆಗೆ ಇಬ್ಬರೇ ಹೋದರು. ಮನೆಯವರು ದಿನಾ ಬಂದು ನೋಡಬಹುದು, ಆದರೆ ಹೆಲೆನ್‌ಗೆ ಗೊತ್ತಾಗಬಾರದು, ಇದು ಕರಾರು. ತಂದೆ ಕಿಟಕಿಯಿಂದ ಇಣುಕಿ ನೋಡುತ್ತಿದ್ದರು. ಎರಡು ವಾರ ಕಳೆಯುವ ಹೊತ್ತಿಗೆ ಹುಡುಗಿ ಶಾಂತವಾಗಿ ಕೂತು ಮಣಿ ಪೋಣಿಸುತ್ತಿದ್ದಳು. ಪದಗಳನ್ನು ಬೆರಳಲ್ಲಿ ಮಾಡುತ್ತಲೂ ಇದ್ದಳು. ಅರ್ಥ ಮಾತ್ರ ಇಲ್ಲ.

ಏಪ್ರಿಲ್ 5ರ ಬೆಳಿಗ್ಗೆ ಲೋಟ ಮತ್ತು ನೀರು ಎರಡನ್ನೂ ಹೆಲೆನ್ ಒಂದೇ ಅಂದುಕೊಂಡು ಗೊಂದಲ ಮಾಡಿಕೊಂಡಳು. ಆನಿ ಮತ್ತೆ ಮತ್ತೆ ಹೇಳಿದರು. ಹೆಲೆನ್ ಸಿಟ್ಟು ಬಂದು ಹೊಸ ಗೊಂಬೆಯನ್ನು ನೆಲಕ್ಕೆ ಅಪ್ಪಳಿಸಿ ಚೂರು ಮಾಡಿದಳು. ಇಲ್ಲಿ ಒಂದು ನಿಮಿಷ ನಿಲ್ಲಬೇಕು. ನಾನು ಮನೆಯಲ್ಲಿ ತಂಗಿಗೆ ಮಗ್ಗಿ ಹೇಳಿಕೊಡುವಾಗ ಎರಡು ಸಲ ತಪ್ಪಿದರೆ ಸಾಕು, ನನ್ನ ಕೈ ಅವಳ ತಲೆ ಮೊಟಕಲು ಹೋಗುತ್ತೆ. ಅಂಥ ಸಿಟ್ಟಿನ ಆನಿ ಆ ದಿನ ಏನು ಮಾಡಿದರು ಗೊತ್ತಾ? ಗೊಂಬೆಯ ಚೂರುಗಳನ್ನು ಗುಡಿಸಿ ಒಂದು ಕಡೆ ಮಾಡಿದರು. ಹೆಲೆನ್‌ಳ ಟೋಪಿ ತಂದುಕೊಟ್ಟು ಅವಳನ್ನು ಹೊರಗೆ ಬಿಸಿಲಿಗೆ ಕರೆದುಕೊಂಡು ಹೋದರು.

ಅಂಗಳದ ಕೈಪಂಪಿನಲ್ಲಿ ಯಾರೋ ನೀರು ಹೊಡೆಯುತ್ತಿದ್ದರು. ಆನಿ ಹೆಲೆನ್‌ಳ ಒಂದು ಕೈಯನ್ನು ನೀರಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಡಬ್ಲ್ಯು-ಎ-ಟಿ-ಇ-ಆರ್ ಎಂದು ಮೊದಲು ನಿಧಾನವಾಗಿ, ಆಮೇಲೆ ಬೇಗ ಬೇಗ ಹೇಳಿದರು. ಹುಡುಗಿ ಅಲುಗಾಡದೆ ನಿಂತುಬಿಟ್ಟಳು. ಮಗುವಾಗಿದ್ದಾಗ ನೀರಿಗೆ ವಾ ವಾ ಅನ್ನುತ್ತಿದ್ದದ್ದು ಎಲ್ಲೋ ಒಳಗೆ ಉಳಿದಿತ್ತು. ಪ್ರತಿ ವಸ್ತುವಿಗೂ ಒಂದು ಹೆಸರಿದೆ ಅಂತ ಗೊತ್ತಾಯಿತು. ನೆಲ ಮುಟ್ಟಿ ಹೆಸರು ಕೇಳಿದಳು, ಪಂಪು ಮುಟ್ಟಿ ಕೇಳಿದಳು, ತಿರುಗಿ ಆನಿಯನ್ನು ಮುಟ್ಟಿ ಕೇಳಿದಳು. ಟೀಚರ್ ಎಂದು ಅವರು ಅಂಗೈಯಲ್ಲಿ ಹೇಳಿದರು. ಮನೆಯೊಳಗೆ ಬಂದ ಮೇಲೆ ಹೆಲೆನ್ ಒಡೆದ ಗೊಂಬೆಯ ಚೂರುಗಳನ್ನು ಹುಡುಕಿ ಜೋಡಿಸಲು ನೋಡಿದಳು, ಆಗಲಿಲ್ಲ, ಅತ್ತಳು. ಮೊದಲು ಒಡೆದಾಗ ಅವಳಿಗೆ ದುಃಖವೇ ಆಗಿರಲಿಲ್ಲ.

ಎಲ್ಲರೂ ಹೇಳುವ ಕಥೆ ಇಲ್ಲಿಗೆ ನಿಲ್ಲುತ್ತೆ. ನನ್ನ ಪ್ರಕಾರ ದೊಡ್ಡದು ನಡೆದದ್ದು ಇದಾದ ಮೇಲೆ. ಅಲ್ಲಿಯವರೆಗೆ ಆನಿ ಓದಿಕೊಂಡು ಬಂದ ಹಾಗೆ ಹೊತ್ತು ಗೊತ್ತು ಮಾಡಿ ಇಂತಿಷ್ಟು ಪದ ಅಂತ ಪಾಠ ಮಾಡುತ್ತಿದ್ದರು. ಆ ಮನೆತನದಲ್ಲಿ ಹದಿನೈದು ತಿಂಗಳ ಒಂದು ಕೂಸು ಇತ್ತು. ಅದಕ್ಕೆ ಮಾತು ಬಾರದು, ಆದರೆ ಮೂಗೆಲ್ಲಿ ಅಂದರೆ ಮೂಗು ತೋರಿಸುತ್ತಿತ್ತು, ಬಾಗಿಲು ಹಾಕು ಅಂದರೆ ಹೋಗಿ ಹಾಕುತ್ತಿತ್ತು. ಆನಿ ಅದನ್ನೇ ನೋಡುತ್ತಾ ಕೂತರು. ಈ ಕೂಸಿಗೆ ಯಾರೂ ಪಾಠ ಮಾಡಿಲ್ಲ, ಸುಮ್ಮನೆ ಮಾತಾಡಿದ್ದಾರೆ ಅಷ್ಟೇ. ಹಾಗಾದರೆ ಹೆಲೆನ್‌ಳ ಅಂಗೈಯಲ್ಲೂ ಹಾಗೇ ಮಾತಾಡಬೇಕು, ಪೂರ್ತಿ ವಾಕ್ಯದಲ್ಲಿ, ದಿನವಿಡೀ, ಅರ್ಥವಾಗಲಿ ಬಿಡಲಿ. ವೇಳಾಪಟ್ಟಿ ಮುಚ್ಚಿಟ್ಟರು. ಹುಡುಗಿಯ ಮೇಲೆ ಅಷ್ಟು ಹಟ ಮಾಡಿದವರು ತಾವು ಕಲಿತು ತಂದ ಪದ್ಧತಿಯ ಮೇಲೆ ಹಟ ಮಾಡಲಿಲ್ಲ. ಪಂಪಿನ ಹತ್ತಿರ ಆದದ್ದು ಅದೃಷ್ಟ ಅಂತ ಬೇಕಾದರೆ ಯಾರಾದರೂ ಹೇಳಲಿ. ಇದನ್ನು ಹಾಗೆ ಹೇಳೋಕಾಗಲ್ಲ.

ಆಮೇಲೆ ಪಾಠವೆಲ್ಲ ಹೆಚ್ಚಾಗಿ ಬಯಲಲ್ಲೇ. ಟೆನೆಸಿ ನದಿಯ ದಂಡೆಯಲ್ಲಿ ಹಸಿ ಮಣ್ಣಿನಿಂದ ಬೆಟ್ಟ, ಕಣಿವೆ, ದ್ವೀಪ, ಕೆರೆ ಮಾಡಿ ಭೂಗೋಳ. ಗಾಜಿನ ಪಾತ್ರೆಯಲ್ಲಿ ಗೊದಮೊಟ್ಟೆ ಸಾಕಿ ಅದರ ಬಾಲ, ಕಾಲು ಬೆರಳಿಂದ ತಿಳಿದುಕೊಳ್ಳುವುದು. ಮುಟ್ಟಲಾಗದ ಪದಗಳೂ ಇದ್ದವಲ್ಲ! ಒಮ್ಮೆ ಹೆಲೆನ್ ಎರಡು ದೊಡ್ಡ ಮಣಿ, ಮೂರು ಸಣ್ಣ ಮಣಿ ಹೀಗೆ ಪೋಣಿಸುತ್ತಾ ತಪ್ಪಿ, ಎಲ್ಲಿ ತಪ್ಪಿತು ಅಂತ ತಡೆದು ಕೂತಿದ್ದಳು. ಆನಿ ಅವಳ ಹಣೆ ಮುಟ್ಟಿ ಯೋಚಿಸು ಎಂಬ ಪದವನ್ನು ಅಂಗೈಯಲ್ಲಿ ಹೇಳಿದರು. ತಲೆಯೊಳಗೆ ನಡೆಯುತ್ತಿದ್ದುದಕ್ಕೆ ಅದೇ ಹೆಸರು ಅಂತ ಹುಡುಗಿಗೆ ತಕ್ಷಣ ಹೊಳೆಯಿತು. ಲೆಕ್ಕ ಮಾತ್ರ ಹೆಲೆನ್‌ಗೆ ಹಿಡಿಸಲೇ ಇಲ್ಲ. ಇದನ್ನು ಓದಿ ನನಗೆ ಬಹಳ ಸಮಾಧಾನವಾಯಿತು.

1900ರಲ್ಲಿ ಹೆಲೆನ್ ರ‍್ಯಾಡ್‌ಕ್ಲಿಫ್ ಕಾಲೇಜು ಸೇರಿದಾಗ ಆನಿ ಪಕ್ಕದಲ್ಲಿ ಕೂತು ಪ್ರಾಧ್ಯಾಪಕರ ಮಾತನ್ನೆಲ್ಲ ಅಂಗೈಯಲ್ಲಿ ಹೇಳುತ್ತಾ ಹೋದರು. ಉಬ್ಬಕ್ಷರದಲ್ಲಿ ಸಿಗದ ಪುಸ್ತಕಗಳನ್ನು ತಾವೇ ಓದಿ ಹೇಳಬೇಕು. ಮೊದಲೇ ಕೆಟ್ಟಿದ್ದ ಕಣ್ಣು ಇನ್ನೂ ಕೆಟ್ಟಿತು. ಈ ಭಾಗ ಇನ್ನೊಮ್ಮೆ ಓದಲೇ ಎಂದು ಕೇಳಿದರೆ, ಮರೆತುಹೋಗಿದ್ದರೂ ನೆನಪಿದೆ ಎಂದು ಹೆಲೆನ್ ಸುಳ್ಳು ಹೇಳುತ್ತಿದ್ದಳು. 1904ರಲ್ಲಿ ಹೆಲೆನ್‌ಗೆ ಪದವಿ ಬಂತು. ನಾಲ್ಕು ವರ್ಷ ಅದೇ ಪಾಠ ಕೇಳಿದ ಆನಿಗೆ ಏನೂ ಇಲ್ಲ. ಹೆಲೆನ್‌ಗೆ ಸ್ವಂತ ಬುದ್ಧಿ ಇಲ್ಲ, ಎಲ್ಲ ಟೀಚರದ್ದೇ ಎಂದು ಆಡಿಕೊಂಡವರೂ ಇದ್ದರು. 1905ರಲ್ಲಿ ಆನಿ ಜಾನ್ ಮೇಸಿ ಎಂಬುವರನ್ನು ಮದುವೆಯಾದರು. ಕೆಲವು ವರ್ಷಗಳ ನಂತರ ಅವರು ಬೇರೆಯಾದರು. ಟೆಂಪಲ್ ವಿಶ್ವವಿದ್ಯಾಲಯ ಗೌರವ ಪದವಿ ಕೊಡುತ್ತೇವೆ ಅಂದಾಗ ಆನಿ ಮೊದಲು ಬೇಡವೆಂದರು, 1932ರಲ್ಲಿ ಒಪ್ಪಿಕೊಂಡರು. ಅಷ್ಟು ಹೊತ್ತಿಗೆ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗುತ್ತಾ ಬಂದಿತ್ತು.

1936ರ ಅಕ್ಟೋಬರ್ 20ರಂದು ಆನಿ ತೀರಿಕೊಂಡರು. ಹೆಲೆನ್ ಅವರ ಕೈ ಹಿಡಿದುಕೊಂಡಿದ್ದರು. ಆ ಮೇಲೆ ಹೆಲೆನ್ ಅವರ ಬಗ್ಗೆ ಒಂದು ಪುಸ್ತಕ ಬರೆಯತೊಡಗಿದರು. 1946ರಲ್ಲಿ ಮನೆಗೆ ಬೆಂಕಿ ಬಿದ್ದು ಬರೆದದ್ದೆಲ್ಲ ಸುಟ್ಟುಹೋಯಿತು. ಮತ್ತೆ ಮೊದಲಿನಿಂದ ಬರೆದು ಮುಗಿಸಿದಾಗ ಹೆಲೆನ್‌ಗೆ ಎಪ್ಪತ್ತು ದಾಟಿತ್ತು. 1955ರಲ್ಲಿ ಅಚ್ಚಾದ ಆ ಪುಸ್ತಕದ ಹೆಸರು, ಅಂದು ಪಂಪಿನ ಹತ್ತಿರ ಕೇಳಿ ತಿಳಿದುಕೊಂಡ ಅದೇ ಪದ, ಟೀಚರ್.